ಮೂಲೆ ತಿರುಗಿ ಬಂದ ದನಿ

1996ರಲ್ಲಿ ನಾವಿದ್ದದ್ದು ಮುಂಬಯಿ ಹತ್ತಿರದ ಡೊಂಬಿವಲಿಯ ಒಂದು ಚಾಳಿನಲ್ಲಿ. ಉದ್ದನೆಯ ಗ್ಯಾಲರಿ, ಕೊನೆಗೆ ಬಲಕ್ಕೊಂದು ತಿರುವು. ತಿರುವಿನಾಚೆಯ ಮನೆಗಳು ನಮ್ಮ ಬಾಗಿಲಿಗೆ ಕಾಣುತ್ತಿರಲಿಲ್ಲ, ಕೇಳಿಸುತ್ತಿದ್ದವು. ನಾವು ಬಂದು ಹದಿನೈದು ದಿನವಾಗಿರಬೇಕು, ರಾತ್ರಿ ಹತ್ತೂವರೆಯ ಮೇಲೆ ಒಂದು ಹೆಣ್ಣುದನಿಯ ಅಳು ಶುರುವಾಯಿತು. ನಡುವೆ ಮಾತೂ ಇತ್ತು. ಮರಾಠಿಯೋ ಗುಜರಾತಿಯೋ, ಅದೇ ತಿಳಿಯದು. ಅಳು ಮಾತ್ರ ಸ್ಪಷ್ಟ.

ಅಲೆಯೊಂದು ಅಡ್ಡಿಯ ಅಂಚು ದಾಟುವಾಗ ಬಾಗಿ ಹರಡಿಕೊಳ್ಳುತ್ತದೆ. ಪಠ್ಯಪುಸ್ತಕದಲ್ಲಿ ಇದರ ಹೆಸರು ವಿವರ್ತನೆ. ಬೆಳಕಿನಲ್ಲೂ ಇದುಂಟೆಂದು ತೋರಿಸಿದ ಇಟಲಿಯ ಗ್ರಿಮಾಲ್ಡಿಯ ಪುಸ್ತಕ ಅಚ್ಚಾದದ್ದು 1665ರಲ್ಲಿ, ಆತ ತೀರಿಕೊಂಡ ಮೇಲೆ. ಎಷ್ಟು ಹರಡೀತು ಎಂಬುದು ಅಲೆಯ ಉದ್ದಕ್ಕೂ ದಾರಿಯ ಅಗಲಕ್ಕೂ ಇರುವ ಲೆಕ್ಕ. 250 ಹರ್ಟ್ಸ್ ದನಿಯ ಅಲೆ ಸುಮಾರು 1.4 ಮೀಟರ್ ಉದ್ದ. ಬಾಗಿಲಿನ ಅಗಲ ಒಂದು ಮೀಟರಿನ ಆಸುಪಾಸು. ಹೊರಬಿದ್ದ ದನಿ ಎಲ್ಲ ಕಡೆಗೂ ಹಬ್ಬುತ್ತದೆ. ಬೆಳಕಿನ ಅಲೆಯೋ, ಮಿಲಿಮೀಟರಿನ 2000ದಲ್ಲೊಂದು ಪಾಲು. ಅದಕ್ಕೆ ನಮ್ಮ ಚಾಳಿನ ಬಾಗಿಲೂ ಊರ ಹೆಬ್ಬಾಗಿಲೇ, ನೆಟ್ಟಗೆ ಹೋಗಿಬಿಡುತ್ತದೆ. 'ಸ', 'ಶ'ಗಳ ಸದ್ದಿನ ಅಲೆಗಳು ಕೆಲವೇ ಸೆಂಟಿಮೀಟರಿನವು, ಅವೂ ಅಷ್ಟಾಗಿ ತಿರುಗವು. ಹೀಗಾಗಿ ಮೂಲೆಯಾಚೆಯ ಮಾತಿನಲ್ಲಿ ಅರ್ಥ ಸೋರಿಹೋಗಿ ಏರಿಳಿತ ಉಳಿಯುತ್ತದೆ. (ಗೋಡೆಗೆ ಬಡಿದು ಬರುವ ದನಿಯೂ ಸೇರಿರುತ್ತದೆ ಅನ್ನಿ.)

ಇಷ್ಟು ತಿಳಿದಿದ್ದ ನಾನು ಅದನ್ನು ಬಳಸಿದ್ದು ತಪ್ಪಿಸಿಕೊಳ್ಳಲಿಕ್ಕೆ. "ಮಾತೇ ತಿಳೀತಿಲ್ಲ, ಕಣ್ಣಾರೆ ಕಂಡೂ ಇಲ್ಲ. ಪರವೂರು, ನಮಗ್ಯಾಕೆ ಉಸಾಬರಿ?" ಅಂದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯೂ ಕೈಗೆ ಸಿಕ್ಕಿತು. "ಪ್ರಮಾಣಿಸಿ ನೋಡು ಅಂದಿದಾರೆ ರೀ, ನೋಡಲೇಬೇಡ ಅಂದಿಲ್ಲ" ಅಂದಳು ನನ್ನಾಕೆ.

ಬರೀ ಕೇಳಿದ್ದನ್ನು ನಂಬಿ ಒಬ್ಬರ ಮೇಲೆ ತಪ್ಪು ಹೊರಿಸಬಾರದು, ಅದನ್ನು ಈಗಲೂ ಒಪ್ಪುತ್ತೇನೆ. ಆದರೆ ತಪ್ಪು ಹೊರಿಸಲು ಬೇಕಾಗುವಷ್ಟೇ ಪುರಾವೆಯನ್ನು ಬಾಗಿಲು ತಟ್ಟುವುದಕ್ಕೂ ಕೇಳುತ್ತಾ ಕೂತಿದ್ದೆನಲ್ಲ! ಊರಿನ ವಠಾರದಲ್ಲಾಗಿದ್ದರೆ ಎದ್ದು ಹೋಗುತ್ತಿದ್ದೆನೇ? ಹೇಳಲಾರೆ. ಅಲ್ಲಿ ದನಿ ಯಾರದೆಂದು ಗೊತ್ತಿರುತ್ತಿತ್ತು. ಗೊತ್ತಿದ್ದೇ ಸುಮ್ಮನಿದ್ದ ರಾತ್ರಿಗಳೂ ಇವೆ.

ಮೂರನೆಯ ರಾತ್ರಿ ಅವಳು ಬಟ್ಟಲು ಹಿಡಿದು, ಹೆಪ್ಪಿಗೆ ಮೊಸರು ಬೇಕೆಂಬ ನೆಪದಲ್ಲಿ ತಿರುವಿನಾಚೆ ಹೋದಳು. ನಾನು ನಮ್ಮ ಬಾಗಿಲಲ್ಲೇ ನಿಂತೆ. ಅಳು ನಿಂತಿತು. ಆಮೇಲೆ ಎರಡು ಹೆಣ್ಣುದನಿ, ಬಹಳ ಹೊತ್ತು. ಒಂದು ಮಾತೂ ತಿಳಿಯಲಿಲ್ಲ. ಬಟ್ಟಲನ್ನು ಅಲ್ಲೇ ಮರೆತು ಬಂದಳು. ಬೆಳಿಗ್ಗೆ ಅದನ್ನು ಕೊಡಲು ಬಂದಾಗಲೇ ಆ ಮುಖವನ್ನು ನಾನು ಮೊದಲು ನೋಡಿದ್ದು.