ಬೆಣೆಯ ದಪ್ಪ ತುದಿ

ಅರಕೆರೆಯ ಸುತ್ತಮುತ್ತ ಗದ್ದೆ ಕೆಲಸದಲ್ಲಿ ಪಾದಕ್ಕೆ ಏಟಾದರೆ ಮೊದಲು ಅರಿಸಿನ, ಬಟ್ಟೆಯ ಪಟ್ಟಿ. ಮಾರನೆಯ ದಿನವೂ ಊತ ಇಳಿಯದಿದ್ದರೆ ಶ್ರೀರಂಗಪಟ್ಟಣದ ಬಸ್ಸು. ಅಲ್ಲಿಂದಲೂ ಮುಂದಕ್ಕೆಂದರೆ ಮಂಡ್ಯದ ಮಿಮ್ಸ್ ಆಸ್ಪತ್ರೆ, ಇಲ್ಲವೇ ಮೈಸೂರಿನ ಕೆ.ಆರ್. ಆಸ್ಪತ್ರೆ. ಎಲ್ಲಿಗೆ ಹೋದರೂ ‘ಒಂದು ಎಕ್ಸ್‌ರೇ ತೆಗೆಸ್ಕೊಂಡು ಬನ್ನಿ’ ಎನ್ನುವುದು ತಪ್ಪಿದ್ದಲ್ಲ.

ಪಾದದ ಎಕ್ಸ್‌ರೇ ಸಲೀಸೆಂದು ಕಾಣುತ್ತದೆ, ಆದರೆ ಅಲ್ಲ. ಬೆರಳ ಕಡೆ ಮೂಳೆಯೂ ಮಾಂಸವೂ ತೆಳು. ಹಿಂದಕ್ಕೆ ಸರಿದಂತೆ ದಪ್ಪ ಮೂಳೆಗಳ ಒತ್ತು. ದಪ್ಪಕ್ಕೆ ಸಾಲುವಷ್ಟು ಕಿರಣ ಬಿಟ್ಟರೆ ಬೆರಳುಗಳು ಕಪ್ಪಿನಲ್ಲಿ ಮುಳುಗುತ್ತವೆ, ಬೆರಳಿಗೆ ಹದವಾಗಿ ಬಿಟ್ಟರೆ ಹಿಂಭಾಗ ಬರೀ ಬಿಳುಪು. ತೂಬಿನ ಪಕ್ಕದ ಗದ್ದೆ ಕೆಸರಾಗಿ ಕೊನೆಯ ಗದ್ದೆ ಬಾಯಿಬಿಡುವ ಇಂಥದೇ ಸಂಕಟವನ್ನು ನಾಲೆ ಬಯಲಿನವರಿಗೆ ಬಿಡಿಸಿ ಹೇಳಬೇಕಿಲ್ಲ. 1895ರ ಡಿಸೆಂಬರ್ 22ರಂದು ಎಕ್ಸ್‌ರೇ ಕಂಡುಹಿಡಿದ ವಿಜ್ಞಾನಿ ರಾಂಟ್‌ಜನ್ ತೆಗೆದದ್ದು ಹೆಂಡತಿಯ ಕೈಯ ಚಿತ್ರ. ಚಪ್ಪಟೆಯ ಕೈಯಾದ್ದರಿಂದ ಈ ತಾಪತ್ರಯ ಅವರನ್ನು ಅಷ್ಟಾಗಿ ಕಾಡಿರಲಾರದು.

ಪಾದದ ಈ ತೊಡಕಿಗೆ ಹೂಡಿದ ಉಪಾಯ ಅಲ್ಯೂಮಿನಿಯಂನ ಒಂದು ಬೆಣೆ. ಅದರ ದಪ್ಪ ತುದಿ ಬೆರಳ ಕಡೆಗೆ, ತೆಳು ತುದಿ ಹಿಂದಕ್ಕೆ. ಕಿರಣದ ಒಂದು ಪಾಲನ್ನು ದಪ್ಪ ಲೋಹ ನುಂಗುತ್ತದೆ, ಚಿತ್ರ ಸಮವಾಗುತ್ತದೆ. ಎದೆಗಾದರೆ ಬೇರೆ ಆಕಾರ: ಗಾಳಿ ತುಂಬಿದ ಶ್ವಾಸಕೋಶಗಳಿಗೆದುರಾಗಿ ಎರಡು ಬದಿ ದಪ್ಪ, ಹೃದಯ ಬೆನ್ನೆಲುಬುಗಳಿರುವ ನಡುಭಾಗ ತೆಳು.

ಈಗ ಡಿಜಿಟಲ್ ಯಂತ್ರ ಬಂದಿದೆ. ಕಪ್ಪು ಬಿಳುಪನ್ನು ಕಂಪ್ಯೂಟರ್ ಆಮೇಲೆ ಸರಿದೂಗಿಸುತ್ತದೆ, ಹೀಗಾಗಿ ಬೆಣೆ ಎಷ್ಟೋ ಕಡೆ ಮೂಲೆ ಸೇರಿದೆ. ಅದನ್ನು ಹಳೆಯ ಸಾಮಾನೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಬೆಣೆಯನ್ನು ಯಂತ್ರದ ಕೊಳವೆಯ ಬಾಯಿಗೆ ಹೊಂದಿಸಿದರೆ ಬೆರಳಿಗೆ ಬೀಳುವ ಕಿರಣವೇ ಕಡಿಮೆಯಾಗುತ್ತದೆ. ಅದೇ ಬೆಣೆಯನ್ನು ಪಾದದ ಕೆಳಗೆ, ಫಿಲ್ಮಿನ ಬಳಿ ಇಟ್ಟರೂ ಚಿತ್ರ ಸಮವಾಗಿಯೇ ಬಂದೀತು. ಆದರೆ ಕಿರಣವೆಲ್ಲ ಅಷ್ಟರಲ್ಲಿ ಮೈ ಹಾದು ಬಂದಾಗಿರುತ್ತದೆ. ಕಂಪ್ಯೂಟರ್ ಮಾಡುವ ತಿದ್ದುಪಡಿಯೂ ಈ ಎರಡನೆಯ ಜಾತಿಯದು. ಚಿತ್ರ ನೋಡಿದವರಿಗೆ ವ್ಯತ್ಯಾಸ ಗೊತ್ತಾಗದು.

ಪಾದದ ಒಂದು ಚಿತ್ರಕ್ಕೆ ತಗಲುವ ಕಿರಣ ತೀರಾ ಅಲ್ಪ, ಹೆದರಿ ಎಕ್ಸ್‌ರೇ ಬೇಡವೆನ್ನುವುದು ದಡ್ಡತನ. ಬೆನ್ನುಮೂಳೆ ಡೊಂಕಾದ ಮಕ್ಕಳ ವಿಷಯ ಬೇರೆ. ಬೆಳವಣಿಗೆ ನಿಲ್ಲುವತನಕ ಅವರಿಗೆ ಕತ್ತಿನಿಂದ ಸೊಂಟದವರೆಗಿನ ಚಿತ್ರವನ್ನು ಮತ್ತೆ ಮತ್ತೆ ತೆಗೆಯಬೇಕಾಗುತ್ತದೆ. ಅಲ್ಲಿ ಬೆಣೆಗೆ ಇನ್ನೂ ಕೆಲಸವಿದೆ.