ಇಂಗ್ಲಿಷ್ ಮೇಷ್ಟ್ರ ಪಾಸ್‌ಪೋರ್ಟ್

ದಕ್ಷಿಣ ಕೊರಿಯಾದ ಮಕ್ಕಳು ಶಾಲೆ ಮುಗಿಸಿ ಹೋಗುವ ಖಾಸಗಿ ತರಬೇತಿ ಶಾಲೆಗೆ ಹಾಗ್ವಾನ್ ಎನ್ನುತ್ತಾರೆ. ನಮ್ಮ ಟ್ಯೂಷನ್ನಿನ ಸಂಬಂಧಿಯೇ, ಆದರೆ ದೊಡ್ಡ ಉದ್ಯಮ. ಅಲ್ಲಿ ಇಂಗ್ಲಿಷ್ ಸಂಭಾಷಣೆ ಕಲಿಸಲು ಹೊರಗಿನವರು ಸಾಮಾನ್ಯವಾಗಿ ಇ-2 ವೀಸಾದ ಮೇಲೆ ಹೋಗುತ್ತಾರೆ. ಹಾಗ್ವಾನ್ ಕೆಲಸಕ್ಕೆ ಅದು ಸಿಗುವುದು 7 ದೇಶಗಳ ಪ್ರಜೆಗಳಿಗೆ: ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. ಪದವಿ ಬೇಕು, ಯಾವ ವಿಷಯದ್ದಾದರೂ ನಡೆಯುತ್ತದೆ. ಭೂಗರ್ಭಶಾಸ್ತ್ರ ಓದಿದ ಕೆನಡಾದ ಹುಡುಗ ಅರ್ಹ. ಮೈಸೂರಿನಲ್ಲಿ ಇಪ್ಪತ್ತು ವರ್ಷ ಇಂಗ್ಲಿಷ್ ಕಲಿಸಿದ ಮೇಡಂ ಅಲ್ಲ.

ಅನ್ಯಾಯ ಎಂದು ತಟ್ಟನೆ ಹೇಳಿಬಿಡಬಹುದು. ಆದರೆ ಶುಲ್ಕ ಕಟ್ಟುವ ತಾಯಿಯ ಕಡೆಯಿಂದ ನೋಡಿ. ನಾಳೆ ಸಂದರ್ಶನದಲ್ಲಿ ಎದುರು ಕೂತವರು ಮಗಳ ಉಚ್ಚಾರಣೆಯನ್ನು ತೂಗುತ್ತಾರೆಂದು ಆಕೆಗೆ ಗೊತ್ತು. ಲೋಕದ ಪೂರ್ವಗ್ರಹವನ್ನು ಆಕೆ ಹುಟ್ಟಿಸಿದ್ದಲ್ಲ, ಅದನ್ನು ದಾಟಿ ಮಗಳು ಮುಂದೆ ಹೋಗಬೇಕಷ್ಟೆ. ಆಕೆಯನ್ನು ನಾನು ದೂರಲಾರೆ. ಆ ಅಂಜಿಕೆಯನ್ನು ಜಾಹೀರಾತಿನಲ್ಲಿ ಬೆಳೆಸಿ, ಮತ್ತೆ ಅದಕ್ಕೇ ದುಡ್ಡು ಪಡೆಯುವ ಶಾಲೆಯ ಮಾತು ಬೇರೆ. ಅದು ಮಾರುತ್ತಿರುವುದು ಪಾಠವನ್ನೋ, ಪಾಠ ಮಾಡುವವನ ಹುಟ್ಟೂರನ್ನೋ?

ಮನೆಮಾತಿನವರೇ ಒಳ್ಳೆಯ ಮೇಷ್ಟ್ರಾಗುತ್ತಾರೆ ಎಂಬ ನಂಬಿಕೆಯೇ ಹುಸಿಯೆಂದು ರಾಬರ್ಟ್ ಫಿಲಿಪ್ಸನ್ 1992ರಲ್ಲೇ ವಾದಿಸಿದ್ದರು. ಒಂದು ಸಣ್ಣ ಉದಾಹರಣೆ ಸಾಕು. ಇಂಗ್ಲಿಷಿನ ‘ಎ’, ‘ದಿ’ಗಳು ಕೊರಿಯನ್ನಿನಲ್ಲಿಲ್ಲ, ಕನ್ನಡದಲ್ಲೂ ಇಲ್ಲ. ಎರಡರಲ್ಲೂ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಅಂದರೆ ಸೋಲ್‌ನ ಮಗು ಎಲ್ಲೆಲ್ಲಿ ಎಡವೀತೋ ಅಲ್ಲೆಲ್ಲ ನಮ್ಮ ಮೈಸೂರಿನ ಮೇಡಂ ಚಿಕ್ಕಂದಿನಲ್ಲಿ ತಾವೇ ಎಡವಿ ಎದ್ದಿದ್ದಾರೆ. ಕೆನಡಾದ ಹುಡುಗ ಆ ದಾರಿಯಲ್ಲಿ ನಡೆದೇ ಇಲ್ಲ.

ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು. 1894ರಲ್ಲಿ ಕನ್ನಡಕ್ಕೆ ನಿಘಂಟು ಕೊಟ್ಟ ಕಿಟೆಲ್ ಜರ್ಮನಿಯವರು. ಅವರ ಕನ್ನಡಕ್ಕೆ ನಾವು ಜನ್ಮಪ್ರಮಾಣಪತ್ರ ಕೇಳಲಿಲ್ಲ. (ಬೀಗುವುದು ಬೇಡ, ಇಂಗ್ಲಿಷಿನ ವಿಷಯ ಬಂದರೆ ‘ಕಾನ್ವೆಂಟ್ ಉಚ್ಚಾರ’ಕ್ಕೆ ನಾವೂ ಮರುಳಾಗುವವರೇ.)

ಹಾಗಾದರೆ ಪಾಸ್‌ಪೋರ್ಟಿನ ಬಲದಿಂದ ಕೆಲಸ ಸಿಕ್ಕವನು ಅದನ್ನು ಬಿಡಬೇಕೇ? ನನಗೆ ಹಾಗನ್ನಿಸುವುದಿಲ್ಲ. ನಿಯಮ ಅವನು ಮಾಡಿದ್ದಲ್ಲ, ಹೊಟ್ಟೆಪಾಡು ಅವನಿಗೂ ಇದೆ. ಆದರೆ ತನ್ನ ಉಚ್ಚಾರವೇ ಸರಿ ಎಂಬ ಸುಳ್ಳನ್ನು ಅವನು ತರಗತಿಯಲ್ಲಿ ಕಾಪಾಡಬೇಕಿಲ್ಲ. ಗ್ಲಾಸ್ಗೋದವನಾಗಿದ್ದರಂತೂ ಸುಲಭ: ತನ್ನ ಇಂಗ್ಲಿಷನ್ನು ಲಂಡನ್ನಿನಲ್ಲೇ ಆಡಿಕೊಳ್ಳುವವರಿದ್ದಾರೆ ಎಂದು ಮೊದಲ ದಿನವೇ ಮಕ್ಕಳಿಗೆ ಹೇಳಿಬಿಡಬಹುದು.