ಇಂದಿನ ಧಮ್ಮ ಚಿಂತನೆ: ಅಕ್ಕನ ನಿದ್ದೆ



ನನ್ನ ಅಕ್ಕ ಎರಡು ವರ್ಷದಿಂದ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದಾಳೆ. ಶುಗರ್‌ನಿಂದ ಎರಡೂ ಕಿಡ್ನಿ ಹೋದವು. ವಾರಕ್ಕೆ 3 ಸಲ, ಪ್ರತಿ ಸಲ 4 ಗಂಟೆ. ಬೆಳಗಿನ ಮೊದಲ ಪಾಳಿ ಆದ್ದರಿಂದ 5 ಗಂಟೆಗೇ ಬಸ್ಸು ಹಿಡಿಯಬೇಕು. ಅವಳ ದೊಡ್ಡ ದೂರು ಸೂಜಿಯದಲ್ಲ, ಪಥ್ಯದ್ದೂ ಅಲ್ಲ. "ರಾತ್ರಿ ನಿದ್ದೆ ಇಲ್ಲ ಕಣೋ" ಅನ್ನುವುದೇ.

ನಾನು ಉಪದೇಶ ಮಾಡಿದೆ. ಅಂಗುತ್ತರ ನಿಕಾಯದಲ್ಲಿ ಬರುವ ಹತ್ಥಕನ ಪ್ರಸಂಗ ಹೇಳಿದೆ. ಚಳಿಗಾಲ, ಆಳವಿಯ ಕಾಡು, ದನ ತುಳಿದ ಗಟ್ಟಿ ನೆಲ, ಎಲೆಯ ಹಾಸಿಗೆ. ಸುಖನಿದ್ದೆ ಆಯಿತೇ ಎಂದು ಹತ್ಥಕ ಕೇಳಿದರೆ, ಆಯಿತು ಎನ್ನುತ್ತಾರೆ ಭಗವಾನರು. ರಾಗ ದ್ವೇಷದ ಉರಿ ಇಲ್ಲದವರಿಗೆ ನೆಲ ಹೇಗಿದ್ದರೇನು? "ಮನಸ್ಸು ಶಾಂತ ಮಾಡ್ಕೊ ಅಕ್ಕ, ಆನಾಪಾನ ಮಾಡು" ಅಂದೆ.

"ಬುದ್ಧರಿಗೆ ಕಿಡ್ನಿ ನೆಟ್ಟಗಿತ್ತು ಕಣಪ್ಪ" ಅಂದಳು ಅಕ್ಕ.

ಆಗ ನಕ್ಕೆ. ಆಮೇಲೆ ಆ ಮಾತು ನನ್ನನ್ನು ಬಿಡಲಿಲ್ಲ. ಪಕ್ಕದ ಮನೆಯಾಕೆ "ಹಿಂದಿನ ಜನ್ಮದ ಕರ್ಮ" ಅಂದಾಗ ಜಗಳಕ್ಕೇ ಹೋಗಿದ್ದವನು ನಾನು. ಹಿಂದಿನ ಜನ್ಮದ ಲೆಕ್ಕವನ್ನು ಈ ಜನ್ಮದ ಸಂಕಟಕ್ಕೆ ಗಂಟು ಹಾಕುವುದನ್ನು ಬಾಬಾಸಾಹೇಬರು ಒಪ್ಪಲಿಲ್ಲ ಎಂದು ವಾದಿಸಿದ್ದೆ. ಆದರೆ ನಾನು ಹೇಳಿದ್ದೇನು? ನಿದ್ದೆ ಬಾರದಿದ್ದರೆ ನಿನ್ನ ಮನಸ್ಸಿನದೇ ತಪ್ಪು ಅಂತ. ಎರಡೂ ಮಾತು ಕಾಯಿಲೆಯವರ ತಲೆಗೇ ಅಪರಾಧ ಕಟ್ಟುತ್ತವೆ.

ಹೊಟ್ಟೆ ಕೆಟ್ಟು ತನ್ನ ಹೊಲಸಿನಲ್ಲೇ ಬಿದ್ದಿದ್ದ ಭಿಕ್ಖುವಿನ ಬಳಿ ಭಗವಾನರು ಹೋದದ್ದು ನೆನಪಿದೆಯಲ್ಲ? ಏನು ಕಾಯಿಲೆ, ನೋಡಿಕೊಳ್ಳುವವರು ಇದ್ದಾರೆಯೇ ಎಂದು ಮೊದಲು ಕೇಳಿದರು. ಆನಂದನಿಂದ ನೀರು ತರಿಸಿ ಮೈ ತೊಳೆದರು. ನಾನು ಅಕ್ಕನನ್ನು ಆ ಪ್ರಶ್ನೆಯನ್ನೇ ಕೇಳಿರಲಿಲ್ಲ.

ಕೇಳಿದೆ. "ಮಲಗಿದ ಕೂಡಲೇ ಕಾಲೊಳಗೆ ಇರುವೆ ಹರಿದಂಗಾಯ್ತದೆ, ಎದ್ದು ನಾಲ್ಕು ಹೆಜ್ಜೆ ನಡೆದ್ರೆ ನಿಲ್ತದೆ, ಮಲಗಿದ್ರೆ ಮತ್ತೆ ಶುರು" ಅಂದಳು. ಮೈಯೆಲ್ಲ ನವೆ. ಮೆಷಿನ್ ಮೇಲೆ ಮಾತ್ರ ಗಾಢ ನಿದ್ದೆ. ಎಷ್ಟೋ ದಿನದಿಂದ ಇದ್ದ ಈ ಯಾವುದನ್ನೂ ಅವಳು ಡಾಕ್ಟರಿಗೆ ಹೇಳಿರಲಿಲ್ಲ. ನಿದ್ದೆಯೂ ಒಂದು ಕಾಯಿಲೆಯೇ ಎಂಬ ಸಂಕೋಚ.

ಡಾಕ್ಟರು ರಕ್ತ ಪರೀಕ್ಷೆ ಬರೆದರು. ಕಬ್ಬಿಣಾಂಶ ಕಡಿಮೆ, ಕಾಲಿನ ಚಡಪಡಿಕೆಗೆ ಅದೂ ಕಾರಣವಾಗುತ್ತದಂತೆ. ಡಯಾಲಿಸಿಸ್ ಹೊತ್ತಿನಲ್ಲೇ ಇಂಜೆಕ್ಷನ್ ಶುರುವಾಯಿತು. ರಂಜಕ ಜಾಸ್ತಿ, ನವೆಗೆ ಅದೊಂದು ಕಾರಣ. ಅದಕ್ಕೆ ಕೊಟ್ಟ ಮಾತ್ರೆಯನ್ನು ಊಟದ ಜೊತೆಗೇ ನುಂಗಬೇಕು, ಆಗಲೇ ಅದು ಊಟದಲ್ಲಿನ ರಂಜಕವನ್ನು ಹಿಡಿಯುವುದು. ಅಕ್ಕ ಮಲಗುವಾಗ ಖಾಲಿ ಹೊಟ್ಟೆಗೆ ನುಂಗುತ್ತಿದ್ದಳು! ಎರಡು ಡಯಾಲಿಸಿಸ್ ನಡುವೆ ನೀರು ಹೆಚ್ಚು ಕುಡಿದರೆ ಮೈಯಲ್ಲಿ ನಿಂತು, ಅಂಗಾತ ಮಲಗಿದಾಗ ಉಸಿರು ಕಟ್ಟುತ್ತದೆ. ಗೊರಕೆಯ ನಡುವೆ ಉಸಿರು ನಿಂತರೆ ಬಂದು ಹೇಳಿ ಅಂದರು. ನಿದ್ದೆಮಾತ್ರೆಯನ್ನು ಮೆಡಿಕಲ್ ಶಾಪಿನಿಂದ ನೀವೇ ತರಬೇಡಿ ಎಂದೂ ಗದರಿದರು. ಸಂಜೆ ಟೀ ನಿಂತಿದೆ. ಅದಕ್ಕೆ ಮಾತ್ರ ಅಕ್ಕನಿಗೆ ಇನ್ನೂ ಸಿಟ್ಟು.

ಇದಿದ್ದರೆ ಅದು, ಇದು ಅಳಿದರೆ ಅದೂ ಅಳಿಯುತ್ತದೆ ಎಂದು ವಿಹಾರದಲ್ಲಿ ಎಷ್ಟು ಸಲ ವಿವರಿಸಿದ್ದೇನೋ. ಮನೆಯ ಕತ್ತಲಲ್ಲಿ ಅಕ್ಕನ ಕಾಲಿಗೆ ಅದನ್ನು ಅನ್ವಯಿಸಲು ಹೊಳೆಯಲಿಲ್ಲ.

ಭಯವೂ ಇದೆ, ಅದಕ್ಕೆ ರಕ್ತ ಪರೀಕ್ಷೆ ಇಲ್ಲ. "ನಾಳೆ ಮೆಷಿನ್ ಕೆಟ್ಟರೆ?" ಎನ್ನುತ್ತಾಳೆ. ಆಗ ಇಬ್ಬರೂ ಕೂತು ಉಸಿರು ಗಮನಿಸುತ್ತೇವೆ. ಈಗ ಅವಳೇ ಕರೆಯುತ್ತಾಳೆ, ನಾನು ಹೇಳುವುದಿಲ್ಲ.

ಕಾಲಿನ ಕಾಟ ಪೂರ್ತಿ ಹೋಗಿಲ್ಲ. ನಿನ್ನೆ ರಾತ್ರಿ 2 ಗಂಟೆಗೆ ಜಗಲಿಯಲ್ಲಿ ಇಬ್ಬರೂ ಅತ್ತಿತ್ತ ನಡೆದೆವು. ಮೂರಕ್ಕೆ ಮಲಗಿದಳು. ಇವತ್ತು ಡಯಾಲಿಸಿಸ್ ಇಲ್ಲ, ಇನ್ನೂ ಎದ್ದಿಲ್ಲ. ಎಬ್ಬಿಸಬೇಡಿ ಎಂದು ಮಕ್ಕಳಿಗೆ ಹೇಳಿ ಇದನ್ನು ಬರೆಯುತ್ತಿದ್ದೇನೆ.

ಜೈಭೀಮ್.